ನಕ್ಷೆ ಮಾಡುವವರು ಒಂದೆಡೆ ಸೇರಿದಾಗ

ಬಹುಮಹಡಿ ಕಟ್ಟಡ ಏಳುತ್ತಿರುವ ಯಾವ ಸೈಟಿಗೆ ಹೋದರೂ ಕೋರ್ ಕಟಿಂಗ್ ಯಂತ್ರದ ಸದ್ದು ಒಂದಲ್ಲ ಒಂದು ದಿನ ಕಿವಿಗೆ ಬೀಳುತ್ತದೆ. ಸ್ಲ್ಯಾಬ್ ಹಾಕಿ, ಕ್ಯೂರಿಂಗ್ ಮುಗಿಸಿ, ಸೆಂಟ್ರಿಂಗ್ ಬಿಚ್ಚಿಯಾಗಿರುತ್ತದೆ. ಆಗ ಪ್ಲಂಬಿಂಗ್ ಗುತ್ತಿಗೆದಾರರು ಬಂದು, ‘ಸಾರ್, ಪೈಪು ಇಲ್ಲೇ ಹೋಗ್ಬೇಕು, ಬೀಮ್ ಅಡ್ಡ ಬಂದಿದೆ’ ಎನ್ನುತ್ತಾರೆ. ಕಾಂಕ್ರೀಟ್ ಸುರಿಯುವ ಮುಂಚೆ ಪೈಪು ಹಾಯಲು ಅಲ್ಲೊಂದು ಸ್ಲೀವ್ ಇಟ್ಟಿದ್ದರೆ ಮುಗಿದುಹೋಗುತ್ತಿದ್ದ ಕೆಲಸ ಅದು. ಈಗ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಬೇಕು, ಯಂತ್ರ ತರಿಸಬೇಕು, ಕೊರೆಯುವಾಗ ಒಳಗಿನ ಕಂಬಿ ತುಂಡಾಗದಂತೆ ಕಾಯಬೇಕು. ತಪ್ಪು ಯಾರದು ಎಂದು ಕೆದಕುತ್ತಾ ಹೋದರೆ ಯಾರ ಕೈಗೂ ಸಿಗುವುದಿಲ್ಲ. ಆರ್ಕಿಟೆಕ್ಟ್ ಕೊಟ್ಟ ನಕ್ಷೆ ಸರಿಯಿದೆ, ಸ್ಟ್ರಕ್ಚರಲ್ ನಕ್ಷೆ ಸರಿಯಿದೆ, ಪ್ಲಂಬಿಂಗ್ ನಕ್ಷೆಯೂ ಸರಿಯೇ. ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಈ ಮೂರು ನಕ್ಷೆಗಳನ್ನು ಕಟ್ಟುವ ಮುಂಚೆಯೇ ಕಂಪ್ಯೂಟರಿನಲ್ಲಿ ಒಟ್ಟಿಗೆ ಕೂರಿಸುವುದು ಕಟ್ಟಡ ವಿನ್ಯಾಸ ತಂತ್ರಾಂಶಗಳ ಕೆಲಸ. ಆ ತಂತ್ರಾಂಶಗಳನ್ನು ಬರೆಯುವವರು, ಮಾರುವವರು, ದಿನವಿಡೀ ಅವುಗಳೆದುರು ಕೂತು ದುಡಿಯುವವರು ವರ್ಷಕ್ಕೊಮ್ಮೆ ಒಂದೆಡೆ ಸೇರುತ್ತಾರೆ. ಹೊರಗಿನವರ ಕಣ್ಣಿಗೆ ಅದು ಕಂಪನಿಯೊಂದರ ಪ್ರಚಾರ ಸಭೆ. ಒಳಹೊಕ್ಕವರಿಗೆ ಅಲ್ಲಿ ಬೇರೆಯದೇ ವ್ಯವಹಾರ ಕಾಣುತ್ತದೆ: ಬಳಕೆದಾರರೇ ಮೇಷ್ಟ್ರುಗಳು, ಬಳಕೆದಾರರೇ ವಿದ್ಯಾರ್ಥಿಗಳು, ಕೊನೆಗೆ ಕಂಪನಿಯನ್ನು ನಿಲ್ಲಿಸಿ ಪ್ರಶ್ನೆ ಕೇಳುವವರೂ ಅವರೇ.

ಗೆರೆಯಿಂದ ಗೋಡೆಗೆ

ಈ ಉದ್ಯಮದ ಅತಿದೊಡ್ಡ ಉತ್ಪನ್ನವೊಂದು ಬೆಳಕಿಗೆ ಬಂದದ್ದೂ ಇಂಥ ಒಂದು ಮೇಳದಲ್ಲೇ. 1982ರ ನವೆಂಬರ್‌ನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ಕಾಮ್‌ಡೆಕ್ಸ್ ಕಂಪ್ಯೂಟರ್ ಮೇಳದಲ್ಲಿ, ಹುಟ್ಟಿ ವರ್ಷವೂ ತುಂಬದ ಆಟೋಡೆಸ್ಕ್ ಎಂಬ ಸಣ್ಣ ಕಂಪನಿ ಆಟೋಕ್ಯಾಡ್ ಅನ್ನು ಜನರ ಮುಂದಿಟ್ಟಿತು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು ಆಗ ತೀರಾ ಹೊಸದೇನಲ್ಲ. ಇವಾನ್ ಸದರ್‌ಲ್ಯಾಂಡ್ 1963ರಲ್ಲೇ ಎಂಐಟಿಯಲ್ಲಿ ‘ಸ್ಕೆಚ್‌ಪ್ಯಾಡ್’ ಮಾಡಿ ತೋರಿಸಿದ್ದರು. ಆದರೆ ಅಂಥ ಸೌಲಭ್ಯಕ್ಕೆ ದೊಡ್ಡ ಯಂತ್ರ ಬೇಕಿತ್ತು, ದೊಡ್ಡ ದುಡ್ಡೂ ಬೇಕಿತ್ತು. ಆಟೋಕ್ಯಾಡ್ ಅದನ್ನು ಮೇಜಿನ ಮೇಲಿನ ಕಂಪ್ಯೂಟರಿಗೆ ತಂದಿತು. ಮುಂದಿನ ಎರಡು ದಶಕಗಳಲ್ಲಿ ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರು, ಟ್ರೇಸಿಂಗ್ ಕಾಗದಗಳೆಲ್ಲ ಅಟ್ಟ ಸೇರಿದವು.

ಆದರೆ ಆಟೋಕ್ಯಾಡಿಗೆ ಗೊತ್ತಿದ್ದದ್ದು ಗೆರೆ ಮಾತ್ರ. ಎರಡು ಸಮಾನಾಂತರ ಗೆರೆ ಎಳೆದರೆ ಅದು ಗೋಡೆ ಎಂಬುದು ನೋಡುವ ಮನುಷ್ಯನಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಗೋಡೆಯನ್ನು ಅರ್ಧ ಅಡಿ ಸರಿಸಿದರೆ ಪ್ಲಾನು, ಎಲಿವೇಷನ್ನು, ಸೆಕ್ಷನ್ನು, ಬಾಗಿಲುಗಳ ಪಟ್ಟಿ ಎಲ್ಲವನ್ನೂ ಡ್ರಾಫ್ಟ್ಸ್‌ಮನ್ ಬೇರೆ ಬೇರೆಯಾಗಿ ತಿದ್ದಬೇಕು. ಒಂದನ್ನು ಮರೆತರೂ ಸೈಟಿನಲ್ಲಿ ಜಗಳ. ಚಕ್ ಈಸ್ಟ್‌ಮನ್ ಎಂಬ ಪ್ರಾಧ್ಯಾಪಕರು 1975ರಲ್ಲೇ ಇದಕ್ಕೊಂದು ದಾರಿ ಸೂಚಿಸಿದ್ದರು. ನಕ್ಷೆಗಳನ್ನು ಬಿಟ್ಟು ಕಟ್ಟಡದ ವಿವರವನ್ನೇ ಕಂಪ್ಯೂಟರಿಗೆ ತುಂಬಿ, ಬೇಕಾದಾಗ ಬೇಕಾದ ನಕ್ಷೆಯನ್ನು ಅದರಿಂದ ತೆಗೆದುಕೊಳ್ಳಬೇಕು ಎಂಬುದು ಅವರ ವಾದ. ಇಂದು ‘ಬಿಮ್’ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್) ಎಂದು ಎಲ್ಲರ ಬಾಯಲ್ಲಿರುವ ಪದ್ಧತಿಯ ಬೇರು ಅಲ್ಲಿದೆ.

ಆ ವಿಚಾರವನ್ನು ಆರ್ಕಿಟೆಕ್ಟರ ಮೇಜಿಗೆ ತಂದವರಲ್ಲಿ ಮೊದಲಿಗರು ಹಂಗೆರಿಯವರು. ಕಮ್ಯುನಿಸ್ಟ್ ಆಡಳಿತದ ಬುಡಾಪೆಸ್ಟ್‌ನಲ್ಲಿ 1982ರಲ್ಲಿ ಗಾಬೊರ್ ಬೊಯಾರ್ ಕಟ್ಟಿದ ಗ್ರಾಫಿಸಾಫ್ಟ್ ಕಂಪನಿ ಮುಂದೆ ಆರ್ಕಿಕ್ಯಾಡ್ ತಂದಿತು. ಅಮೆರಿಕದಲ್ಲಿ ಲಿಯೊನಿಡ್ ರೈಜ್ ಮತ್ತು ಇರ್ವಿನ್ ಯುಂಗ್‌ರೈಸ್ 1997ರಲ್ಲಿ ಶುರುಮಾಡಿದ ಕಂಪನಿ 2000ದಲ್ಲಿ ರೆವಿಟ್ ಬಿಡುಗಡೆ ಮಾಡಿತು. ಎರಡೇ ವರ್ಷದಲ್ಲಿ ಆಟೋಡೆಸ್ಕ್ ಅದನ್ನು 13.3 ಕೋಟಿ ಡಾಲರ್ ಕೊಟ್ಟು ಕೊಂಡಿತು. ಗ್ರಾಫಿಸಾಫ್ಟ್ 2007ರಲ್ಲಿ ಜರ್ಮನಿಯ ನೆಮೆಟ್‌ಶೆಕ್ ಸಮೂಹದ ಪಾಲಾಯಿತು.

ರೆವಿಟ್‌ನಲ್ಲಿ ಬಾಗಿಲೊಂದನ್ನು ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಗೋಡೆಯ ಮೇಲೆ ಕ್ಲಿಕ್ ಮಾಡಿದೊಡನೆ ಗೋಡೆ ತಾನಾಗಿ ಕತ್ತರಿಸಿಕೊಂಡು ಜಾಗ ಬಿಡುತ್ತದೆ. ಗೋಡೆ ಸರಿಸಿದರೆ ಬಾಗಿಲೂ ಜೊತೆಗೇ ಸರಿಯುತ್ತದೆ. ಗೋಡೆ ಅಳಿಸಿದರೆ ಬಾಗಿಲು ಗಾಳಿಯಲ್ಲಿ ನೇತಾಡುವುದಿಲ್ಲ, ಅದೂ ಹೋಗುತ್ತದೆ. ಬಾಗಿಲಿನ ಅಗಲವನ್ನು 900ರಿಂದ 1,000 ಮಿಲಿಮೀಟರಿಗೆ ಬದಲಿಸಿದರೆ ಪ್ಲಾನು, ಎಲಿವೇಷನ್ನು, ಬಾಗಿಲುಗಳ ಪಟ್ಟಿ ಮೂರರಲ್ಲೂ ಅದೇ ಕ್ಷಣ ಬದಲಾಗಿರುತ್ತದೆ. ನೋಡಲು ಸುಲಭ. ಆದರೆ ಇಂಥ ಸಾವಿರಾರು ವಸ್ತುಗಳನ್ನು, ಹತ್ತಾರು ಜನರ ತಂಡ, ಒಂದೇ ಮಾದರಿಯಲ್ಲಿ, ಒಬ್ಬರ ಕೆಲಸ ಇನ್ನೊಬ್ಬರು ಕೆಡಿಸದ ಹಾಗೆ ನಿಭಾಯಿಸುವುದು ದೊಡ್ಡ ವಿದ್ಯೆ. ತಂತ್ರಾಂಶದ ಕೈಪಿಡಿಯಲ್ಲಿ ಗುಂಡಿಗಳ ವಿವರ ಸಿಗುತ್ತದೆ, ಈ ವಿದ್ಯೆ ಸಿಗುವುದಿಲ್ಲ. ಸಮ್ಮೇಳನಗಳಿಗೆ ಜನ ಮುಗಿಬೀಳುವುದು ಅದಕ್ಕಾಗಿ.

ಮೂರು ದಿನದ ಪಾಠಶಾಲೆ

ಇಂಥ ಸಮ್ಮೇಳನಗಳಲ್ಲಿ ಹೆಚ್ಚು ಹೆಸರಾದದ್ದು ಆಟೋಡೆಸ್ಕ್ ಯೂನಿವರ್ಸಿಟಿ. ಹೆಸರಿಗೆ ವಿಶ್ವವಿದ್ಯಾಲಯವಾದರೂ ಅದು ವರ್ಷಕ್ಕೊಮ್ಮೆ ಮೂರು ದಿನ ನಡೆಯುವ ಸಮ್ಮೇಳನ. 1990ರ ದಶಕದಲ್ಲಿ ಶುರುವಾದ ಇದು ಬಹುಕಾಲ ಲಾಸ್ ವೇಗಸ್‌ನ ಬೃಹತ್ ಹೋಟೆಲುಗಳಲ್ಲಿ ನಡೆಯುತ್ತಿತ್ತು. ಕೋವಿಡ್‌ನ 2020 ಮತ್ತು 2021ರಲ್ಲಿ ಆನ್‌ಲೈನ್ ಆಯಿತು. ಅನಂತರ 2022ರಲ್ಲಿ ನ್ಯೂ ಆರ್ಲಿಯನ್ಸ್, 2023ರಲ್ಲಿ ಮತ್ತೆ ಲಾಸ್ ವೇಗಸ್, 2024ರಲ್ಲಿ ಸ್ಯಾನ್ ಡಿಯಾಗೊ, 2025ರಲ್ಲಿ ನ್ಯಾಶ್‌ವಿಲ್ ಹೀಗೆ ಊರೂರು ತಿರುಗುತ್ತಿದೆ. ಕಟ್ಟಡದವರಷ್ಟೇ ಅಲ್ಲ, ಯಂತ್ರಭಾಗ ವಿನ್ಯಾಸ ಮಾಡುವವರು, ಸಿನಿಮಾ ಗ್ರಾಫಿಕ್ಸ್‌ನವರು ಕೂಡ ಬರುತ್ತಾರೆ. ಆದರೂ ಆರ್ಕಿಟೆಕ್ಟರು, ಎಂಜಿನಿಯರುಗಳು, ಗುತ್ತಿಗೆದಾರ ಕಂಪನಿಗಳವರ ಗುಂಪು ಎದ್ದು ಕಾಣುವಷ್ಟಿರುತ್ತದೆ.

ಮೊದಲ ದಿನ ಮುಖ್ಯ ವೇದಿಕೆಯಲ್ಲಿ ಕಂಪನಿಯ ಮುಖ್ಯಸ್ಥರ ಭಾಷಣ. ದೊಡ್ಡ ಪರದೆ, ಬೆಳಕು, ಸಂಗೀತ, ಹೊಸ ಉತ್ಪನ್ನದ ಘೋಷಣೆ. ಪತ್ರಿಕೆಗಳಲ್ಲಿ ವರದಿಯಾಗುವುದು ಹೆಚ್ಚಾಗಿ ಇಷ್ಟೇ. ಆಮೇಲೆ ಜನ ಚದುರಿ ನೂರಾರು ತರಗತಿಗಳಿಗೆ ಹಂಚಿಹೋಗುತ್ತಾರೆ. ಕೆಲವು ಬರೀ ಉಪನ್ಯಾಸ. ಕೆಲವು ದುಂಡುಮೇಜಿನ ಚರ್ಚೆ. ಕೆಲವು ‘ಹ್ಯಾಂಡ್ಸ್ ಆನ್’ ಲ್ಯಾಬ್, ಅಲ್ಲಿ ಪ್ರತಿಯೊಬ್ಬರ ಮುಂದೆಯೂ ಕಂಪ್ಯೂಟರ್ ಇರುತ್ತದೆ, ಮೇಷ್ಟ್ರು ಹೇಳಿದ ಹಾಗೆ ಮಾಡುತ್ತಾ ಹೋಗಬೇಕು. ಇದರ ಜೊತೆಗೆ ಮಳಿಗೆಗಳ ದೊಡ್ಡ ಸಭಾಂಗಣ. ಲೇಸರ್ ಸ್ಕ್ಯಾನರ್, ಸೈಟಿನ ಮೇಲೆ ಹಾರಿಸುವ ಡ್ರೋನ್, ರೆವಿಟ್‌ಗೆ ಅಂಟಿಸಿಕೊಳ್ಳುವ ಸಣ್ಣಪುಟ್ಟ ತಂತ್ರಾಂಶ, ಎಲ್ಲವೂ ಅಲ್ಲಿ ಸಾಲಾಗಿರುತ್ತವೆ.

ತರಗತಿ ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರು ಕಂಪನಿಯ ನೌಕರರಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಯಾವುದೋ ಊರಿನ ಆರ್ಕಿಟೆಕ್ಟ್ ಕಚೇರಿಯ ಬಿಮ್ ಮ್ಯಾನೇಜರ್, ಇನ್ನಾವುದೋ ದೇಶದ ಪೈಪಿಂಗ್ ಗುತ್ತಿಗೆದಾರ ಸಂಸ್ಥೆಯ ಕೋಆರ್ಡಿನೇಟರ್, ಹೀಗೆ ದಿನವೂ ಕೈ ಕೆಸರು ಮಾಡಿಕೊಳ್ಳುವವರೇ ಅಲ್ಲಿ ಪಾಠ ಹೇಳುತ್ತಾರೆ. ತಿಂಗಳುಗಟ್ಟಲೆ ಮುಂಚೆ ವಿಷಯ ಬರೆದು ಕಳಿಸಬೇಕು, ಆಯ್ಕೆಯಾಗಬೇಕು. ಆಯ್ಕೆಯಾದ ಮೇಲೆ ಬರೀ ಸ್ಲೈಡು ತೋರಿಸಿ ಹೋದರೆ ನಡೆಯುವುದಿಲ್ಲ. ಹಂತಹಂತವಾಗಿ ಬರೆದ ಒಂದು ಟಿಪ್ಪಣಿ, ‘ಹ್ಯಾಂಡ್‌ಔಟ್’, ಕೊಡುವುದು ಅಲ್ಲಿನ ರೂಢಿ. ಇಂಥ ಸಾವಿರಾರು ಹ್ಯಾಂಡ್‌ಔಟ್‌ಗಳು ವರ್ಷದಿಂದ ವರ್ಷಕ್ಕೆ ಸೇರುತ್ತಾ ಬಂದು, ಇಂದು ಕಟ್ಟಡ ತಂತ್ರಾಂಶದ ಬಗ್ಗೆ ಇರುವ ಅತ್ಯಂತ ಉಪಯುಕ್ತ ಬರವಣಿಗೆಗಳಲ್ಲಿ ಒಂದಾಗಿವೆ.

ಸಭಾಂಗಣದ ಒಂದು ಮೂಲೆಯಲ್ಲಿ ‘ಆನ್ಸರ್ ಬಾರ್’ ಎಂಬ ಕಟ್ಟೆ ಇರುತ್ತಿತ್ತು. ತಂತ್ರಾಂಶ ಬರೆದ ತಂಡದವರು ಅಲ್ಲಿ ನಿಂತಿರುತ್ತಿದ್ದರು. ಬಳಕೆದಾರರು ಲ್ಯಾಪ್‌ಟಾಪ್ ಬಿಚ್ಚಿ, ‘ಇದು ಯಾಕ್ರೀ ಹೀಗೆ ಮಾಡುತ್ತೆ?’ ಎಂದು ನೇರವಾಗಿ ಕೇಳಬಹುದಿತ್ತು. ಸಹಾಯವಾಣಿಗೆ ಬರೆದು ಉತ್ತರಕ್ಕೆ ಕಾದು ಬೇಸತ್ತವರಿಗೆ ಇದೊಂದೇ ಸಾಕಿತ್ತು ಪ್ರಯಾಣದ ಖರ್ಚು ಹುಟ್ಟಿತು ಎನ್ನಿಸಲು.

ಪೈಪು ಮುಂದೆ, ಡಕ್ಟು ಹಿಂದೆ

ಇಂಥ ಸಮ್ಮೇಳನಗಳಲ್ಲಿ ವರ್ಷ ವರ್ಷವೂ ತುಂಬಿಕೊಳ್ಳುವ ಒಂದು ಬಗೆಯ ತರಗತಿಯನ್ನು ಹತ್ತಿರದಿಂದ ನೋಡೋಣ. ವಿಷಯ: ಕ್ಲ್ಯಾಶ್ ಡಿಟೆಕ್ಷನ್, ಅಂದರೆ ಕಟ್ಟಡದ ಒಂದು ಭಾಗ ಇನ್ನೊಂದಕ್ಕೆ ಎಲ್ಲಿ ಢಿಕ್ಕಿ ಹೊಡೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ಹುಡುಕುವುದು. ಆರ್ಕಿಟೆಕ್ಟ್, ಸ್ಟ್ರಕ್ಚರಲ್, ಪ್ಲಂಬಿಂಗ್, ಎಲೆಕ್ಟ್ರಿಕಲ್, ಏಸಿ ಮಾದರಿಗಳನ್ನೆಲ್ಲ ನೇವಿಸ್‌ವರ್ಕ್ಸ್‌ನಂಥ ತಂತ್ರಾಂಶದಲ್ಲಿ ಒಟ್ಟುಗೂಡಿಸಿ ಪರೀಕ್ಷೆ ಓಡಿಸಿದರೆ ಪಟ್ಟಿ ಬರುತ್ತದೆ. ದೊಡ್ಡ ಆಸ್ಪತ್ರೆ ಕಟ್ಟಡವಾದರೆ ಮೊದಲ ಓಟದಲ್ಲೇ ಸಾವಿರಗಟ್ಟಲೆ ಕ್ಲ್ಯಾಶ್.

ಹೊಸಬರು ಆ ಪಟ್ಟಿ ನೋಡಿ ಎದೆಗುಂದುತ್ತಾರೆ. ಏಸಿ ಗಾಳಿಯ ಒಂದೇ ಡಕ್ಟು ಇಪ್ಪತ್ತು ಪೈಪುಗಳನ್ನು ದಾಟಿಹೋದರೆ ಅದು ಇಪ್ಪತ್ತು ಕ್ಲ್ಯಾಶ್ ಅಲ್ಲ, ಒಂದೇ ಸಮಸ್ಯೆ ಎಂದು ಅನುಭವಸ್ಥರು ಮೊದಲು ಕಲಿಸುತ್ತಾರೆ. ಡಕ್ಟನ್ನು ಇಳಿಸಿದರೆ ಇಪ್ಪತ್ತೂ ಮಾಯ. ಹಾಗಾಗಿ ಪಟ್ಟಿಯನ್ನು ಗುಂಪು ಮಾಡಬೇಕು. ಹತ್ತು ಮಿಲಿಮೀಟರ್ ಒಳಗಿನ ತಾಕಲಾಟವನ್ನು ಸದ್ಯಕ್ಕೆ ಪಕ್ಕಕ್ಕಿಡಬೇಕು, ಸೈಟಿನಲ್ಲಿ ಅಷ್ಟು ವ್ಯತ್ಯಾಸ ಹೇಗೂ ಆಗುತ್ತದೆ. ಇನ್ನು ವಸ್ತುಗಳು ಮುಟ್ಟದಿದ್ದರೂ ತೊಂದರೆಯಾಗುವ ಜಾಗಗಳಿವೆ. ಏಸಿ ಯಂತ್ರದ ಮುಂದೆ ರಿಪೇರಿಗೆ ಮನುಷ್ಯ ನಿಲ್ಲುವಷ್ಟು ಜಾಗ ಬೇಕು, ವಾಲ್ವ್ ತಿರುಗಿಸಲು ಕೈ ಹೋಗಬೇಕು. ಅದನ್ನು ಬೇರೆಯೇ ಪರೀಕ್ಷೆಯಲ್ಲಿ ಹಿಡಿಯಬೇಕು.

ಆಮೇಲೆ ಬರುವುದು ಪಂಚಾಯಿತಿ: ಯಾರು ಸರಿಯಬೇಕು? ತಂತ್ರಾಂಶಕ್ಕೆ ಇದರ ಉತ್ತರ ಗೊತ್ತಿಲ್ಲ. ಕೋಆರ್ಡಿನೇಷನ್ ಮಾಡಿ ಪಳಗಿದವರಿಗೆ ಗೊತ್ತು. ಒಳಚರಂಡಿ ಪೈಪಿಗೆ ಮೊದಲ ಮರ್ಯಾದೆ, ಯಾಕೆಂದರೆ ಅದರಲ್ಲಿ ನೀರು ತಾನಾಗಿ ಇಳಿದು ಹೋಗಬೇಕು. ನೂರಕ್ಕೆ ಒಂದರ ಇಳಿಜಾರು ಎಂದಿಟ್ಟುಕೊಂಡರೂ 20 ಮೀಟರ್ ಉದ್ದದ ಪೈಪು ಕೊನೆಗೆ 200 ಮಿಲಿಮೀಟರ್ ಕೆಳಗಿಳಿದಿರುತ್ತದೆ. ಫಾಲ್ಸ್ ಸೀಲಿಂಗಿನ ಮೇಲೆ ಸಿಗುವ ಅಷ್ಟಿಷ್ಟು ಜಾಗದಲ್ಲಿ 200 ಮಿಲಿಮೀಟರ್ ಎಂದರೆ ದೊಡ್ಡ ಮಾತು. ಅದರ ನಂತರ ದೊಡ್ಡ ಡಕ್ಟುಗಳು, ಅವುಗಳನ್ನು ಬಳಸಿ ತಿರುಗಿಸುವುದು ಕಷ್ಟ. ಒತ್ತಡದಲ್ಲಿ ಹರಿಯುವ ನೀರಿನ ಪೈಪು ಮೇಲೆ ಕೆಳಗೆ ಹೋಗಬಲ್ಲದು, ಅದು ಮೂರನೆಯದು. ಕೇಬಲ್ ಟ್ರೇ, ಕಾಂಡ್ಯೂಟುಗಳು ಎಲ್ಲರಿಗೂ ದಾರಿ ಬಿಟ್ಟು ಕೊನೆಯಲ್ಲಿ. ಬೀಮ್ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಅದರೊಳಗೆ ಸ್ಲೀವ್ ಇಡಬಹುದಾದರೆ ಎಲ್ಲಿ, ಎಷ್ಟು ದೊಡ್ಡದು ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು.

ಈ ಪಾಠದಲ್ಲಿ ತಂತ್ರಾಂಶದ ಪಾಲು ಕಾಲುಭಾಗವಿದ್ದರೆ ಹೆಚ್ಚು. ಉಳಿದದ್ದು ಕಟ್ಟಡದ ತಿಳಿವಳಿಕೆ ಮತ್ತು ಐದು ಕಂಪನಿಗಳವರನ್ನು ಒಂದು ಮೇಜಿನ ಸುತ್ತ ಕೂರಿಸಿ ಒಪ್ಪಿಸುವ ಜಾಣ್ಮೆ. ವಾರಕ್ಕೊಮ್ಮೆ ಸಭೆ ಕರೆಯಬೇಕೋ ಎರಡು ಬಾರಿಯೋ, ಒಪ್ಪಿದ ಬದಲಾವಣೆಯನ್ನು ಯಾವ ದಿನದೊಳಗೆ ಮಾದರಿಗೆ ಸೇರಿಸಬೇಕು, ಸೇರಿಸದವರನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳಿಗೇ ಶ್ರೋತೃಗಳು ಹೆಚ್ಚು ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಸ್ವತಃ ಏಟು ತಿಂದವರ ಬಾಯಿಂದಲೇ ಕೇಳಬೇಕಾದ ಮಾತುಗಳಿವು.

ಬೇಸರದ ಕೆಲಸವನ್ನು ತಪ್ಪಿಸುವ ವಿದ್ಯೆಗೂ ಅಷ್ಟೇ ಬೇಡಿಕೆ. ಇನ್ನೂರು ಕೊಠಡಿಗೆ ಸಂಖ್ಯೆ ಕೊಡುವುದು, ನೂರು ಶೀಟುಗಳ ಹೆಸರು ಬದಲಿಸುವುದು ಮುಂತಾದ ಕೆಲಸಗಳಿಗೆ ಡೈನಮೊ ಎಂಬ ಸಲಕರಣೆ ಬಂದಿದೆ. ಕೋಡ್ ಬರೆಯಲು ಬಾರದ ಆರ್ಕಿಟೆಕ್ಟರು ಚೌಕಗಳನ್ನು ತಂತಿಯಿಂದ ಜೋಡಿಸಿದಂತೆ ಜೋಡಿಸಿ ಸಣ್ಣ ಪ್ರೋಗ್ರಾಮ್ ಮಾಡಿಕೊಳ್ಳಬಹುದು. ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯಬಲ್ಲವರಿಗೆ ಪೈರೆವಿಟ್ ಎಂಬ ಉಚಿತ ಸಲಕರಣೆ ಇದೆ. ಇವೆರಡೂ ಹರಡಿದ್ದರಲ್ಲಿ ಇಂಥ ತರಗತಿಗಳ ಪಾಲು ದೊಡ್ಡದು.

ಘೋಷಣೆಗೂ ಕೆಲಸಕ್ಕೂ ನಡುವೆ

ಹಾಗೆಂದು ಮುಖ್ಯ ವೇದಿಕೆಯ ಮಾತು ಪೂರ್ತಿ ಪೊಳ್ಳಲ್ಲ. ಕಂಪನಿ ಯಾವ ಕಡೆ ತಿರುಗುತ್ತಿದೆ ಎಂಬುದು ಅಲ್ಲೇ ಗೊತ್ತಾಗುವುದು. 2022ರ ನ್ಯೂ ಆರ್ಲಿಯನ್ಸ್ ಸಮ್ಮೇಳನದಲ್ಲಿ ಆಟೋಡೆಸ್ಕ್ ತನ್ನ ಕಟ್ಟಡ ವಿಭಾಗದ ಭವಿಷ್ಯವೆಲ್ಲ ‘ಫಾರ್ಮಾ’ ಎಂಬ ಕ್ಲೌಡ್ ವೇದಿಕೆಯ ಮೇಲಿದೆ ಎಂದು ಸಾರಿತು. ಅದಕ್ಕೂ ಎರಡು ವರ್ಷ ಮುಂಚೆ ಆಟೋಡೆಸ್ಕ್ ಕೊಂಡಿದ್ದ ನಾರ್ವೆಯ ಸ್ಪೇಸ್‌ಮೇಕರ್ ಕಂಪನಿಯ ತಂತ್ರಜ್ಞಾನವೇ ಫಾರ್ಮಾದ ಬುನಾದಿ. 2023ರ ಮೇ ತಿಂಗಳಲ್ಲಿ ಅದು ಬಳಕೆಗೆ ಬಂತು. ನಿವೇಶನದ ಮೇಲೆ ಕಟ್ಟಡದ ಒರಟು ಆಕಾರ ಇಟ್ಟರೆ ಸಾಕು. ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಗಾಳಿ ಹೇಗೆ ಹಾಯುತ್ತದೆ, ರಸ್ತೆಯ ಸದ್ದು ಯಾವ ಮಹಡಿಯವರೆಗೆ ಬರುತ್ತದೆ ಎಂದು ನಿಮಿಷಗಳಲ್ಲಿ ತೋರಿಸುತ್ತದೆ. ವಿನ್ಯಾಸದ ಮೊದಲ ವಾರದಲ್ಲೇ ಪಶ್ಚಿಮದ ಬಿಸಿಲಿಗೆ ಮುಖ ಮಾಡಿದ ಗಾಜಿನ ಗೋಡೆಯ ಕಥೆ ಗೊತ್ತಾದರೆ ಒಳ್ಳೆಯದೇ.

ಈಚಿನ ವರ್ಷಗಳಲ್ಲಿ ವೇದಿಕೆಯ ಸಮಯವನ್ನೆಲ್ಲ ಕೃತಕ ಬುದ್ಧಿಮತ್ತೆ ನುಂಗುತ್ತಿದೆ. ಬಾಯಲ್ಲಿ ಹೇಳಿದರೆ ಮಾದರಿ ಮೂಡುತ್ತದೆ, ಪಠ್ಯ ಕೊಟ್ಟರೆ ಆಕಾರ ಬರುತ್ತದೆ ಎಂಬ ಪ್ರಾತ್ಯಕ್ಷಿಕೆಗಳು ಚಪ್ಪಾಳೆ ಗಿಟ್ಟಿಸುತ್ತವೆ. ಹಳಬರು ಅಲ್ಲಿ ಕೇಳುವ ಪ್ರಶ್ನೆ ಒಂದೇ: ನಾಳೆ ಬೆಳಿಗ್ಗೆ ನಮ್ಮ ಕಚೇರಿಯಲ್ಲಿ ಇದು ನಡೆಯುತ್ತದೆಯೇ? ವೇದಿಕೆಯ ಮಾದರಿ ಯಾವಾಗಲೂ ಚೊಕ್ಕಟ. ಕಚೇರಿಯ ಮಾದರಿ ಮೂರು ಕೈ ಬದಲಾಗಿ, ಹೆಸರಿಲ್ಲದ ಗೋಡೆಗಳಿಂದ, ಯಾರೋ ಅರ್ಧಕ್ಕೆ ಬಿಟ್ಟ ಮೆಟ್ಟಿಲಿನಿಂದ ತುಂಬಿರುತ್ತದೆ. ಘೋಷಣೆಯಾದದ್ದು ಕೈಗೆ ಬರಲು ವರ್ಷಗಳೇ ಹಿಡಿಯಬಹುದು, ಬಾರದೆಯೂ ಇರಬಹುದು. ಸಮ್ಮೇಳನದಿಂದ ಮರಳಿದವರು ಮಾಲೀಕರಿಗೆ ವರದಿ ಒಪ್ಪಿಸುವಾಗ ಈ ಎರಡನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಬರೆಯುವುದು ಒಳ್ಳೆಯದು: ಇವತ್ತು ಬಳಸಬಹುದಾದದ್ದು, ಇನ್ನೂ ಬರಬೇಕಾದದ್ದು.

ಕಡತ ಯಾರ ಸ್ವತ್ತು?

ಈ ಕ್ಷೇತ್ರದ ನಿಜವಾದ ಜಟಾಪಟಿ ಗುಂಡಿ, ಪರದೆಗಳ ಕುರಿತಾದದ್ದಲ್ಲ. ಕಟ್ಟಡದ ಪೂರ್ತಿ ವಿವರ ಯಾವುದೋ ಕಂಪನಿಯ ಕಡತ ರೂಪದಲ್ಲಿ ಕೂತಿರುವಾಗ, ಆ ವಿವರದ ಬೀಗದ ಕೈ ಯಾರ ಹತ್ತಿರವಿದೆ ಎಂಬುದು ಪ್ರಶ್ನೆ.

ರೆವಿಟ್ ಕಡತವನ್ನು ಒಮ್ಮೆ ಹೊಸ ಆವೃತ್ತಿಗೆ ಏರಿಸಿದರೆ ಹಳೆಯದಕ್ಕೆ ಇಳಿಸಲಾಗುವುದಿಲ್ಲ. 2025ರ ಆವೃತ್ತಿಯಲ್ಲಿ ಉಳಿಸಿದ್ದನ್ನು 2024ರಲ್ಲಿ ತೆರೆಯಲಾಗದು. ಹಾಗಾಗಿ ಒಂದು ಯೋಜನೆಯಲ್ಲಿ ಇರುವವರೆಲ್ಲ ಒಂದೇ ವರ್ಷದ ಆವೃತ್ತಿಗೆ ಕಟ್ಟುಬೀಳಬೇಕು. ಯಾರೋ ಒಬ್ಬರು ಉತ್ಸಾಹದಿಂದ ಕೇಂದ್ರ ಕಡತವನ್ನು ಮೇಲೇರಿಸಿಬಿಟ್ಟರೆ ಉಳಿದವರೆಲ್ಲ ಹೊರಗೆ ನಿಲ್ಲಬೇಕು. ಇನ್ನು ದುಡ್ಡಿನ ಮಾತು. 2016ರಲ್ಲಿ ಆಟೋಡೆಸ್ಕ್ ಒಮ್ಮೆ ಕೊಂಡರೆ ಶಾಶ್ವತವಾಗಿ ಉಳಿಯುವ ಲೈಸೆನ್ಸ್‌ಗಳ ಹೊಸ ಮಾರಾಟ ನಿಲ್ಲಿಸಿ ವರ್ಷ ವರ್ಷ ಬಾಡಿಗೆ ಕಟ್ಟುವ ಪದ್ಧತಿಗೆ ಬಂತು.

ಅಸಮಾಧಾನ 2020ರ ಜುಲೈನಲ್ಲಿ ಸ್ಫೋಟಿಸಿತು. ಝಹಾ ಹದಿದ್ ಆರ್ಕಿಟೆಕ್ಟ್ಸ್, ಗ್ರಿಮ್‌ಶಾ, ರೋಜರ್ಸ್ ಸ್ಟರ್ಕ್ ಹಾರ್ಬರ್ ಮುಂತಾದ ಹೆಸರಾಂತ ಸಂಸ್ಥೆಗಳು ಸೇರಿ ಆಟೋಡೆಸ್ಕ್‌ಗೆ ಬಹಿರಂಗ ಪತ್ರ ಬರೆದವು. ಖರ್ಚು ಏರುತ್ತಿದೆ, ರೆವಿಟ್ ಮಾತ್ರ ನಿಂತಲ್ಲೇ ನಿಂತಿದೆ ಎಂಬುದು ದೂರಿನ ತಿರುಳು. ಮುಖ್ಯಸ್ಥ ಆಂಡ್ರ್ಯೂ ಅನಾಗ್ನೋಸ್ಟ್ ಸಾರ್ವಜನಿಕವಾಗಿಯೇ ಉತ್ತರಿಸಿದರು. ಆರ್ಕಿಟೆಕ್ಟರಿಗೆ ಬೇಕಾದ ಸೌಲಭ್ಯಗಳು ಅಂದುಕೊಂಡ ವೇಗದಲ್ಲಿ ಬೆಳೆಯಲಿಲ್ಲ ಎಂದೂ ಒಪ್ಪಿಕೊಂಡರು. 2022ರಲ್ಲಿ ನಾರ್ಡಿಕ್ ದೇಶಗಳ ವಾಸ್ತುಶಿಲ್ಪಿಗಳ ಸಂಘಗಳು ಅಂಥದೇ ಇನ್ನೊಂದು ಪತ್ರ ಬರೆದವು.

ಇದಕ್ಕೆ ಪರಿಹಾರ ಮುಕ್ತ ಕಡತ ರೂಪ ಎನ್ನುವವರ ಬಳಗವೂ ಹಳೆಯದೇ. ಬಿಲ್ಡಿಂಗ್‌ಸ್ಮಾರ್ಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮೂಲ 1990ರ ದಶಕದ ನಡುಭಾಗದಲ್ಲಿದೆ. ಅದು ರೂಪಿಸಿದ ಐಎಫ್‌ಸಿ ಎಂಬ ರೂಪ ಯಾವ ಕಂಪನಿಯ ಸ್ವತ್ತೂ ಅಲ್ಲ, 2013ರಲ್ಲಿ ಅದು ಐಎಸ್‌ಒ ಮಾನದಂಡವೂ ಆಯಿತು. ರೆವಿಟ್‌ನಲ್ಲಿ ಮಾಡಿದ ಗೋಡೆಯನ್ನು ಐಎಫ್‌ಸಿ ಮೂಲಕ ಆರ್ಕಿಕ್ಯಾಡಿಗೆ ಕೊಡಬಹುದು. ಆದರೆ ದಾರಿಯಲ್ಲಿ ಒಂದಷ್ಟು ವಿವರ ಸೋರಿಹೋಗುತ್ತದೆ: ಗೋಡೆ ತಲುಪುತ್ತದೆ, ಅದನ್ನು ಮೊದಲಿನಷ್ಟೇ ಸಲೀಸಾಗಿ ಬದಲಿಸುವ ಗುಣ ತಲುಪದೆ ಹೋಗಬಹುದು. ಬಿಲ್ಡಿಂಗ್‌ಸ್ಮಾರ್ಟ್ ನಡೆಸುವ ಶೃಂಗಸಭೆಗಳ ಚರ್ಚೆಯೆಲ್ಲ ಬಹುಪಾಲು ಈ ಸೋರಿಕೆ ನಿಲ್ಲಿಸುವ ಕುರಿತೇ.

ಈ ಜಗಳದಲ್ಲಿ ವಿಚಿತ್ರ ತಿರುವುಗಳೂ ಇವೆ. ಆಟೋಕ್ಯಾಡಿನ ಡಿಡಬ್ಲ್ಯುಜಿ ಕಡತವನ್ನು ಬೇರೆ ತಂತ್ರಾಂಶಗಳೂ ಓದುವಂತೆ ಮಾಡಲು 1998ರಲ್ಲಿ ಒಂದು ಒಕ್ಕೂಟ ಹುಟ್ಟಿತು. 2006ರಲ್ಲಿ ಆಟೋಡೆಸ್ಕ್ ಅದರ ಮೇಲೆ ಮೊಕದ್ದಮೆ ಹೂಡಿ, ಮರುವರ್ಷ ರಾಜಿಯಾಯಿತು. 2020ರಲ್ಲಿ ಅದೇ ಒಕ್ಕೂಟಕ್ಕೆ ಆಟೋಡೆಸ್ಕ್ ತಾನೇ ಸದಸ್ಯನಾಯಿತು, ಐಎಫ್‌ಸಿ ಬೆಂಬಲ ಉತ್ತಮಪಡಿಸಿಕೊಳ್ಳಲು. 2024ರಲ್ಲಿ ಪ್ರತಿಸ್ಪರ್ಧಿ ನೆಮೆಟ್‌ಶೆಕ್ ಜೊತೆಯೂ ದತ್ತಾಂಶ ವಿನಿಮಯದ ಒಪ್ಪಂದ ಮಾಡಿಕೊಂಡಿತು. ಬಹಿರಂಗ ಪತ್ರಗಳೂ ಸಮ್ಮೇಳನದ ದುಂಡುಮೇಜಿನಲ್ಲಿ ಬಿರುಸಿನಿಂದ ಕೇಳಿದ ಪ್ರಶ್ನೆಗಳೂ ವ್ಯರ್ಥವಾಗಲಿಲ್ಲ ಎಂದು ಇದರಿಂದ ಧಾರಾಳವಾಗಿ ಹೇಳಬಹುದು.

ಕಂಪನಿಯ ಚಪ್ಪರದಡಿ ಕೂತು ಕಂಪನಿಯನ್ನು ಟೀಕಿಸುವುದಕ್ಕೆ ಮಿತಿಯಿದೆ ಎಂದು ಕಂಡವರು ತಮ್ಮದೇ ಸಭೆ ಕಟ್ಟಿಕೊಂಡದ್ದೂ ಉಂಟು. 2005ರಲ್ಲಿ ಆಸ್ಟ್ರೇಲಿಯಾದಲ್ಲಿ ರೆವಿಟ್ ಬಳಕೆದಾರರೇ ಶುರುಮಾಡಿದ ಸಮ್ಮೇಳನ ಮುಂದೆ ಉತ್ತರ ಅಮೆರಿಕ, ಯುರೋಪ್, ಏಷ್ಯಾಗಳಿಗೂ ಹಬ್ಬಿ ‘ಬಿಲ್ಟ್’ ಎಂಬ ಹೆಸರು ಪಡೆಯಿತು. ಅಲ್ಲಿ ಜನ ಕೆಲವೇ ನೂರು. ಆದರೆ ಬಂದವರೆಲ್ಲ ಕಸುಬು ಬಲ್ಲವರು, ಮಾತು ನೇರ.

ನಮ್ಮ ಕಡೆಗೆ ಬಂದರೆ

ಬೆಂಗಳೂರಿಗೆ ಬಿಮ್ ಕೆಲಸದ ನಂಟು ಗಟ್ಟಿಯಾಗಿದೆ. ಲಂಡನ್ನಿನಲ್ಲೋ ದುಬೈನಲ್ಲೋ ಏಳುವ ಕಟ್ಟಡದ ಮಾದರಿಯನ್ನು ಇಲ್ಲಿನ ಕಚೇರಿಗಳಲ್ಲಿ ಕೂತ ಹುಡುಗ ಹುಡುಗಿಯರು ಮಾಡುತ್ತಾರೆ. ಸಿವಿಲ್ ಡಿಪ್ಲೊಮಾ ಮುಗಿಸಿ ಹಾಸನದಿಂದ, ದಾವಣಗೆರೆಯಿಂದ, ಕಲಬುರಗಿಯಿಂದ ಬಂದವರು ಬಿಮ್ ಮಾಡೆಲರ್ ಆಗಿ ಸೇರಿ, ಕೋಆರ್ಡಿನೇಟರ್ ಆಗಿ ಬೆಳೆಯುತ್ತಾರೆ. ಬ್ರಿಟನ್ ಸರ್ಕಾರ 2016ರ ಏಪ್ರಿಲ್‌ನಿಂದ ಕೇಂದ್ರದ ಸಾರ್ವಜನಿಕ ಯೋಜನೆಗಳಿಗೆ ಬಿಮ್ ಕಡ್ಡಾಯ ಮಾಡಿದ್ದು, ಸಿಂಗಪುರ 2015ರ ಹೊತ್ತಿಗೆ 5,000 ಚದರ ಮೀಟರ್ ಮೀರಿದ ಹೊಸ ಕಟ್ಟಡಗಳ ನಕ್ಷೆಯನ್ನು ಬಿಮ್ ರೂಪದಲ್ಲೇ ಸಲ್ಲಿಸಬೇಕೆಂದದ್ದು, ಇಂಥ ನಿಯಮಗಳೆಲ್ಲ ಇಲ್ಲಿ ಉದ್ಯೋಗವಾಗಿ ಇಳಿದವು.

ಆದರೆ ನಮ್ಮದೇ ಕಟ್ಟಡಗಳಿಗೆ? ಭಾರತದಲ್ಲಿ ನಾಗಪುರ ಮೆಟ್ರೊದಂಥ ದೊಡ್ಡ ಯೋಜನೆಗಳು ಬಿಮ್ ಅನ್ನು ಗಂಭೀರವಾಗಿ ಬಳಸಿವೆ. ಬೆಂಗಳೂರಿನಲ್ಲಿ ನಕ್ಷೆ ಮಂಜೂರಾತಿ ಆನ್‌ಲೈನ್ ಆಗಿ, ಸೆಟ್‌ಬ್ಯಾಕ್, ಎಫ್‌ಎಆರ್‌ಗಳನ್ನು ತಂತ್ರಾಂಶವೇ ಅಳೆಯುವ ವ್ಯವಸ್ಥೆ ಬಂದಿದೆ. ಅದು ಇನ್ನೂ ಗೆರೆಗಳ ನಕ್ಷೆಯನ್ನು ನೋಡುವ ವ್ಯವಸ್ಥೆಯೇ. 30×40 ಸೈಟಿನ ಮನೆಗೆ ಬಿಮ್ ಬೇಕಿಲ್ಲ ಎಂದರೆ ಒಪ್ಪಬಹುದು. ಅಪಾರ್ಟ್‌ಮೆಂಟು, ಜಿಲ್ಲಾ ಆಸ್ಪತ್ರೆ, ಬಸ್ ನಿಲ್ದಾಣಗಳಿಗೆ ಬೇಕು. ಹೊರದೇಶದ ಆಸ್ಪತ್ರೆಯ ಪೈಪು ಡಕ್ಟುಗಳ ಜಗಳ ಬಿಡಿಸಬಲ್ಲವರು ನಮ್ಮ ಊರಿನಲ್ಲೇ ಇದ್ದೂ ನಮ್ಮ ಆಸ್ಪತ್ರೆಗಳ ಬೀಮಿಗೆ ಕೋರ್ ಕಟಿಂಗ್ ತಪ್ಪದಿರುವುದು ಒಪ್ಪುವ ಮಾತಲ್ಲ.

ಇಲ್ಲಿಂದ ಇಂಥ ಸಮ್ಮೇಳನಕ್ಕೆ ಹೋಗುವುದು ಅಗ್ಗದ ಮಾತಲ್ಲ. ಆಟೋಡೆಸ್ಕ್ ಯೂನಿವರ್ಸಿಟಿಯ ನೋಂದಣಿಯೇ ಸಾವಿರ ಡಾಲರ್ ದಾಟುತ್ತದೆ. ಅದರ ಮೇಲೆ ವಿಮಾನ, ಹೋಟೆಲು, ವೀಸಾ. ಕಂಪನಿ ಕಳಿಸಿದರೆ ಹೋಗಬಹುದು, ಸ್ವಂತ ಕೈಯಿಂದ ಕಷ್ಟ. ಹೋಗುವ ಅವಕಾಶ ಸಿಕ್ಕವರು ಎರಡು ಮಾತು ನೆನಪಿಡಬೇಕು. ತರಗತಿಗಳ ಪಟ್ಟಿಯನ್ನು ಮೊದಲೇ ನೋಡಿ, ತಮ್ಮ ಕಚೇರಿಯ ಮೂರು ತಲೆನೋವುಗಳನ್ನು ಬರೆದುಕೊಂಡು, ಅವಕ್ಕೆ ಉತ್ತರ ಸಿಗುವ ಕಡೆ ಮಾತ್ರ ಕೂರಬೇಕು. ಸಂಜೆಯ ಊಟದ ಹೊತ್ತನ್ನು ತಮ್ಮ ತಂಡದವರ ಜೊತೆಗೇ ಕಳೆಯದೆ ಬೇರೆ ದೇಶದ ಕಸುಬುದಾರರ ಪಕ್ಕದಲ್ಲಿ ಕಳೆಯಬೇಕು, ರೆಕಾರ್ಡಿಂಗ್‌ನಲ್ಲಿ ಸಿಗದಿರುವುದು ಅದೊಂದೇ.

ಹೋಗಲಾಗದವರು ಕೊರಗಬೇಕಿಲ್ಲ. ಹಳೆಯ ತರಗತಿಗಳ ವಿಡಿಯೊ, ಹ್ಯಾಂಡ್‌ಔಟ್‌ಗಳನ್ನು ಆಟೋಡೆಸ್ಕ್ ಉಚಿತವಾಗಿ ಒದಗಿಸುತ್ತದೆ. ವಿದ್ಯಾರ್ಥಿಗಳಿಗೆ ರೆವಿಟ್ ಕಲಿಯಲು ದುಡ್ಡು ಕೊಡಬೇಕಿಲ್ಲ. ಯಾವ ಕಂಪನಿಯ ಹಂಗೂ ಬೇಡ ಎನ್ನುವವರಿಗೆ ಫ್ರೀಕ್ಯಾಡ್ ಇದೆ, ಬ್ಲೆಂಡರ್ ಮೇಲೆ ಕಟ್ಟಿದ, ನೇರ ಐಎಫ್‌ಸಿಯಲ್ಲೇ ಕೆಲಸ ಮಾಡುವ ಬೊನ್ಸಾಯ್ ಇದೆ. ಎರಡೂ ಉಚಿತ.

ಇನ್ನು ಕೇಳುವುದಷ್ಟೇ ನಮ್ಮ ಪಾಲಿಗೆ ಬಂದ ಕೆಲಸ ಎಂದೇನೂ ಇಲ್ಲ. ಹತ್ತು ವರ್ಷ ಮಾದರಿ ಮಾಡಿದ ಬೆಂಗಳೂರಿನ, ಮೈಸೂರಿನ, ಹುಬ್ಬಳ್ಳಿಯ ಎಂಜಿನಿಯರುಗಳಿಗೆ ಹೇಳಲು ಬೇಕಾದಷ್ಟಿದೆ: ನಾಲ್ಕು ದೇಶಗಳ ಕಾಲಮಾನದಲ್ಲಿ ಒಂದೇ ಕಡತ ನಿಭಾಯಿಸುವುದು ಹೇಗೆ, ಅರ್ಧಂಬರ್ಧ ಸ್ಕೆಚ್ಚಿನಿಂದ ಪೂರ್ತಿ ಮಾದರಿ ತೆಗೆಯುವುದು ಹೇಗೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಭಾಷಣಕಾರರಿಗೆ ಆಹ್ವಾನ ಪ್ರತಿ ವರ್ಷವೂ ಬರುತ್ತದೆ, ಅರ್ಜಿ ಹಾಕಲು ಇಂಥ ದೇಶದವರೇ ಆಗಬೇಕೆಂಬ ನಿಯಮವಿಲ್ಲ. ಮುಂದಿನ ಬಾರಿ ಆಹ್ವಾನ ಕಂಡಾಗ ನೋಡಿ ಸುಮ್ಮನಾಗಬೇಡಿ, ನಿಮ್ಮ ಕೆಲಸದ ಒಂದು ಪಾಠ ಬರೆದು ಕಳಿಸಿ. ಅದಕ್ಕೂ ಮುಂಚೆ ಅದೇ ಪಾಠವನ್ನು ನಿಮ್ಮೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಪಾಲಿಟೆಕ್ನಿಕ್‌ನಲ್ಲಿ ಒಂದು ಶನಿವಾರ ಕನ್ನಡದಲ್ಲೇ ಹೇಳಿ ನೋಡಿ.